ಹೊರಗಿನವರ ಬೆಂಚು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಗಂಡ ಬದುಕಿದ್ದಾಗ ಅವನು ಹೇಳಿದ್ದನ್ನೂ ಇನ್ನೊಬ್ಬರ ಬಾಯಲ್ಲಿ ಕೇಳಿಯೇ ಒಪ್ಪಿಕೊಳ್ಳುತ್ತಿದ್ದೆ. ಅಂಥವಳ ಕಣ್ಣಿಗೆ, ನನ್ನದೇ ದೋಣಿಯಲ್ಲಿ ಕೆಲಸ ಮಾಡುವ ಓಡೆಲ್ ಪ್ರೂಯಿಟ್ ಊರಿಗೆ ಬಂದ ಎರಡು ವರ್ಷವೂ ಊರ ಸಭೆಯಲ್ಲಿ ಹೊರಗಿನವರ ಬೆಂಚಿನ ಮೇಲೆ ಕೂತದ್ದು ಬೀಳದೆ ಇರುತ್ತದೆಯೇ?

ನಮ್ಮದು ಮೇನ್ ರಾಜ್ಯದ ಕಿಟ್ರಿಜ್ ಕೊಲ್ಲಿ. ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸೀಗಡಿ ಹಿಡಿದು ಬದುಕುವ ಊರು. ಮಾರ್ಚ್‌ನಲ್ಲಿ ವರ್ಷಕ್ಕೊಮ್ಮೆ ಊರ ಸಭೆ ಸೇರುತ್ತದೆ. ಹಿಮ ತೆಗೆಯುವ ಗಾಡಿಯಿಂದ ಹಿಡಿದು ಸ್ಮಶಾನದ ಬೇಲಿಯವರೆಗೆ ಎಲ್ಲವನ್ನೂ ಅಲ್ಲಿ ನಾವೇ ಕೈ ಎತ್ತಿ ತೀರ್ಮಾನಿಸುತ್ತೇವೆ. ಮತ ಇರುವವರಿಗೆ ಬಾಗಿಲಲ್ಲಿ ಹಳದಿ ಚೀಟಿ ಸಿಗುತ್ತದೆ, ಅವರು ನಡುವಿನ ಕುರ್ಚಿಗಳಲ್ಲಿ ಕೂರುತ್ತಾರೆ. ಮತ ಇಲ್ಲದವರಿಗೆ ಗೋಡೆ ಪಕ್ಕದ ಬೆಂಚು. ಅಲ್ಲಿ ಕೂರುವವರು ಯಾರೆಂದರೆ ಪೇಪರಿನವನು, ಇನ್ನೂ ವಯಸ್ಸಾಗದ ಶಾಲೆ ಮಕ್ಕಳು, ಮತ್ತು ಬೇಸಿಗೆಯಲ್ಲಿ ಮಾತ್ರ ಬಂದು ಸಮುದ್ರದ ಕಡೆಯ ಮನೆಗಳ ಕಿಟಕಿ ತೆಗೆಯುವ, ಆದರೆ ತೆರಿಗೆಯ ಚಿಂತೆಗೆ ಸಭೆಗೂ ಬಂದುಹೋಗುವ ದುಡ್ಡಿನ ಜನ. ಅವರ ಮತ ಬಾಸ್ಟನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇರುತ್ತದೆ. ಆ ಸಾಲಿನ ತುದಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ, ಕೋಟು ಬಿಚ್ಚದೆ ಓಡೆಲ್.

ಸೋಮಾರಿತನ ಎಂದು ಮೊದಲ ವರ್ಷ ಬಿಟ್ಟೆ. ಎರಡನೆಯ ವರ್ಷ ಯೋಚಿಸಿದೆ. ಮೂರನೆಯ ವರ್ಷ ಬಿಡುವ ಹಾಗಿರಲಿಲ್ಲ. ಯಾಕೆಂದರೆ ಈ ಸಲದ ಸಭೆಯಲ್ಲಿ ನನ್ನ ಹೊಟ್ಟೆಪಾಡೇ ಮತಕ್ಕೆ ಬಂದಿತ್ತು. ಊರಿನ ದೋಣಿ ಧಕ್ಕೆಯನ್ನು ವಿಟ್‌ಲಾಕ್ ಎಂಬ ಬೇಸಿಗೆ ಶ್ರೀಮಂತನಿಗೆ ಮಾರುವುದೋ ಬೇಡವೋ ಎಂಬುದು ವಿಷಯ. ಮಾರಿ ಬಂದ ಹಣದಲ್ಲಿ ಹಳೆ ಶಾಲೆಯ ಬಯಲಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುವುದಂತೆ. ಊರಿನಲ್ಲಿ ವರ್ಷವಿಡೀ ಬಾಡಿಗೆಗೆ ಒಂದು ಮನೆ ಸಿಗುವುದಿಲ್ಲ, ಅದು ನಿಜ. ಆದರೆ ನನ್ನ ಅಪ್ಪ ದೋಣಿ ಕಟ್ಟಿದ್ದು ಆ ಧಕ್ಕೆಗೆ, ನಾನು ಕಟ್ಟುವುದೂ ಅದಕ್ಕೇ. ಅದು ಹೋದರೆ ಡನ್‌ಹ್ಯಾಮ್ ಕೊಲ್ಲಿಯವರ ಮುಂದೆ ಹೋಗಿ ಜಾಗ ಕೊಡಿ ಎಂದು ಹಲ್ಲು ಗಿಂಜಬೇಕು. ಅದಕ್ಕಿಂತ ದೋಣಿಯನ್ನೇ ಮಾರುತ್ತೇನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಫೆಬ್ರವರಿಯ ಒಂದು ಬೆಳಗ್ಗೆ ನನ್ನ ಮೈದುನ ಲೀಲಂಡ್ ಅಡಿಗೆಮನೆಗೆ ನುಗ್ಗಿದ. ಅವನದೂ ದೋಣಿ, ಅವನದೂ ಅದೇ ಧಕ್ಕೆ. ಬೂಟಿನ ಹಿಮವನ್ನೂ ಕೊಡವಲಿಲ್ಲ.

"ಅತ್ತಿಗೆ, ನಿಮ್ಮ ಆಳು ನಿನ್ನೆ ಎಲ್ಲಿದ್ದ ಗೊತ್ತಾ?"

"ನನ್ನ ಆಳಿಗೆ ಹೆಸರಿದೆ. ಎಲ್ಲಿದ್ದ?"

"ಶಾಲೆ ಬಯಲಲ್ಲಿ. ವಿಟ್‌ಲಾಕನ ಏಜೆಂಟ್ ಇದಾನಲ್ಲ, ಆ ಬಿಳಿ ಬೂಟಿನವನು, ಅವನ ಜೊತೆ. ಇಬ್ಬರೂ ಕೈ ತೋರಿಸ್ಕೊಂಡು ಮಾತಾಡ್ತಿದ್ರು. ನನ್ನ ಗಾಡಿ ನೋಡಿದ್ದೇ ತಡ ನಿಮ್ಮವನು ಮುಖ ತಿರುಗಿಸಿದ."

ನನ್ನ ಕಿವಿ ನೆಟ್ಟಗಾಯಿತು. ಲೀಲಂಡ್ ಕಾಫಿ ಹಾಕಿಕೊಂಡು, ಕೇಳದೆಯೇ ಪೈ ಕತ್ತರಿಸಿಕೊಂಡು ಕೂತ.

"ಯೋಚನೆ ಮಾಡಿ. ಇಲ್ಲೇ ಇರ್ತಾನೆ, ಇಲ್ಲೇ ದುಡೀತಾನೆ, ಮತ ಮಾತ್ರ ಇಲ್ಲಿ ತಗೊಳ್ಳಲ್ಲ. ಇಲ್ಲಿ ಯಾರು ಬೇಡ ಅಂದಿದಾರೆ? ಇಲ್ಲಿ ತಗೊಳ್ದೋನು ಮತಾನ ಇನ್ನೆಲ್ಲೋ ಇಟ್ಕೊಂಡಿರ್ತಾನೆ. ಅಂದ್ರೆ ಅವನ ಕಾಲು ಇಲ್ಲಿಲ್ಲ. ವಿಟ್‌ಲಾಕನ ಕಿವಿ ಅವನು, ಬರ್ಕೊಡ್ಲಾ?"

ಆ ತರ್ಕದಲ್ಲಿ ನನಗೆ ಒಂದು ಬಿರುಕೂ ಕಾಣಲಿಲ್ಲ. ನಮ್ಮ ಊರಿನ ಯಾರಿಗೂ ಕಾಣುತ್ತಿರಲಿಲ್ಲ. ಇಲ್ಲಿ ಮತ ಎನ್ನುವುದು ಕೇಳಿ ಪಡೆಯುವ ವಸ್ತುವಲ್ಲ, ಮೂಗಿನ ಹಾಗೆ ಮುಖದ ಮೇಲೆ ಇರುವಂಥದ್ದು. ಇದೇ ಲೀಲಂಡ್ ಹಿಂದೊಮ್ಮೆ ಇನ್ನೊಬ್ಬ ಮೀನುಗಾರ ಸಮುದ್ರದಲ್ಲಿಟ್ಟ ಬೋನುಗಳ ಹಗ್ಗ ಕತ್ತರಿಸಿ, ಅಡ್ಡ ಬಂದವನ ತಲೆ ಒಡೆದು ಜೈಲಿನಲ್ಲಿದ್ದಾಗ ಅಲ್ಲಿಂದಲೇ ಅಂಚೆಯಲ್ಲಿ ಮತ ಹಾಕಿದ್ದ, ಅದೂ ಊರ ಆಡಳಿತಕ್ಕೆ ನಿಂತಿದ್ದ ಸ್ವಂತ ಅಣ್ಣನ, ಅಂದರೆ ನನ್ನ ಗಂಡನ, ವಿರುದ್ಧ.

ಓಡೆಲ್‌ನ ಹಳೆಯ ನಡತೆಯೆಲ್ಲ ಆಗ ಬೇರೆ ಬಣ್ಣದಲ್ಲಿ ಕಾಣತೊಡಗಿತು. ಒಮ್ಮೆ ಎರಡು ಲಾಬ್‌ಸ್ಟರ್ ಕೊಟ್ಟು ಮನೆಗೊಯ್ಯಿ ಎಂದರೆ, "ಇದನ್ನ ಕೊಟ್ಟಿದ್ದು ನೀವೇ ಅಂತ ಲೀಲಂಡ್ ಎದುರು ಒಂದು ಮಾತು ಹೇಳಿಬಿಡಿ ಮಿಸ್ ವೆರ್ನಾ" ಎಂದಿದ್ದ. ಅವನ ಕಡೆ ಮದುವೆಯಾದವರೂ ಮಿಸ್ಸೇ. ಎಲ್ಲಿ ಹೋದರೂ ಬಾಗಿಲ ಬಳಿಯೇ ನಿಲ್ಲುವುದು. ಏನು ಕೇಳಿದರೂ ಮೊದಲು "ಯಾಕೆ ಕೇಳ್ತೀರಿ?" ಎನ್ನುವುದು. ನನ್ನ ಜಾಗದಲ್ಲಿ ನಿಂತಿದ್ದ ಹಳೆ ಟ್ರೈಲರಿನಲ್ಲಿ, ಅಂದರೆ ಚಕ್ರದ ಮೇಲಿನ ತಗಡಿನ ಮನೆಯಲ್ಲಿ, ಅವನ ವಾಸ. ಕೊರೆಯುವ ಚಳಿಯಲ್ಲಿ ಅದರ ನೀರಿನ ಕೊಳವೆ ಹೆಪ್ಪುಗಟ್ಟಿದರೂ ನನ್ನ ಮನೆ ಬಾಗಿಲು ತಟ್ಟುತ್ತಿರಲಿಲ್ಲ. ಭಾನುವಾರ ಮಾತ್ರ, ದೂರದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ ಮಗಳು ಕಿಯಾನಾಳ ಜೊತೆ ಫೋನಿನಲ್ಲಿ ನಗುವುದು ನನ್ನ ಅಂಗಳಕ್ಕೆ ಕೇಳುತ್ತಿತ್ತು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ನಿಜ. ಆದರೆ ಗೂಢಚಾರಿ ಸೋಮಾರಿಯಾಗಿರಬೇಕು ಅಂತ ಎಲ್ಲಿದೆ?

ಮರುದಿನ ಶೆಡ್ಡಿನಲ್ಲಿ ಇಬ್ಬರೂ ಒಲೆಯ ಎರಡು ಕಡೆ ಕೂತು ಹರಿದ ಬೋನುಗಳಿಗೆ ಬಲೆ ಹೆಣೆಯುತ್ತಿದ್ದೆವು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಸಭೆಯಲ್ಲಿ ಯಾಕೋ ಹೊರಗಿನವರ ಬೆಂಚಲ್ಲಿ ಕೂರ್ತೀಯ?"

"ಯಾಕೆ ಕೇಳ್ತೀರಿ?"

"ನೋಡು, ಶುರು ಮಾಡ್ದೆ! ನನ್ನ ಅನ್ನ ತಿಂತಿದೀಯ, ನನ್ನ ಜಾಗದಲ್ಲಿ ಮಲಗ್ತೀಯ. ಕೇಳೋಕೆ ಅಷ್ಟು ಸಾಲದಾ? ನಿನ್ನ ಮತ ಎಲ್ಲಿದೆ ಹೇಳು. ಯಾರ ಹತ್ರ ಇಟ್ಟಿದೀಯ?"

ಅವನ ಕೈ ನಿಂತಿತು. ಎದ್ದು ಹೋಗಿ ಶೆಡ್ಡಿನ ಬಾಗಿಲು ತೆರೆದು ಹೊರಗೆ ಯಾರೂ ಇಲ್ಲವೆಂದು ನೋಡಿ ಬಂದ.

"ನನಗೆ ಮತ ಇಲ್ಲ ಮಿಸ್ ವೆರ್ನಾ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಜೈಲಿಗೆ ಹೋಗಿದ್ದೆ. ಮಿಸಿಸಿಪ್ಪಿಯಲ್ಲಿ. ಮರ ಕದ್ದಿದ್ದೆ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಅವನು ನನ್ನನ್ನು ದಿಟ್ಟಿಸಿದ. ನಾನು ಅವನನ್ನು ಆಡಿಸುತ್ತಿದ್ದೇನೆ ಎಂದುಕೊಂಡನೆಂದು ಕಾಣುತ್ತದೆ. ದೇವರಾಣೆಗೂ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಅವನು ಒಂದೊಂದೇ ಬಿಡಿಸಿ ಹೇಳಿದ. ಒಂದು ರಾಜ್ಯದಲ್ಲಿ ಜೈಲಿನ ಗೇಟು ದಾಟಿದ ದಿನವೇ ಮತ ವಾಪಸ್ಸು. ಇನ್ನೊಂದರಲ್ಲಿ ಪೆರೋಲ್ ಮುಗಿಯಬೇಕು. ಮತ್ತೊಂದರಲ್ಲಿ ಗವರ್ನರ್ ಮನಸ್ಸು ಮಾಡಬೇಕು. ಅವನ ರಾಜ್ಯದಲ್ಲಿ ಕೆಲವು ಅಪರಾಧಕ್ಕೆ ಮತ ಹೋಗುವುದಿಲ್ಲ, ಕೆಲವಕ್ಕೆ ಸಾಯುವವರೆಗೆ ಹೋಗುತ್ತದೆ.

"ಮಾದಕ ವಸ್ತು ಮಾರಿದ ನನ್ನ ಗೆಳೆಯನಿಗೆ ಮತ ಇದೆ. ಪೈನ್ ಮರ ಕದ್ದ ನನಗಿಲ್ಲ. ಇದು ಹಾಸ್ಯ ಅಲ್ಲ, ಕಾನೂನು."

"ಮರ ಕದ್ದಿದ್ದಕ್ಕಾ! ಅಯ್ಯೋ ಮಾರಾಯಾ, ಅಂಥವರನ್ನೆಲ್ಲ ಹೊರಗೆ ಕೂರಿಸಿದ್ರೆ ನಮ್ಮೂರ ಸಭೆಯಲ್ಲಿ ಕುರ್ಚಿ ಬಿಟ್ರೆ ಇನ್ನೇನೂ ಉಳಿಯಲ್ಲ." ನಾನು ಲೀಲಂಡ್ ಜೈಲಿನಿಂದ ಮತ ಹಾಕಿದ ಕಥೆ ಹೇಳಿದೆ. "ಇಲ್ಲಿ ಒಳಗಿದ್ದವರೂ ಹಾಕ್ತಾರೆ ಕಣೋ. ಸಭೆ ದಿನ ಕ್ಲರ್ಕ್ ಬರ್ನಿಸ್ ಹತ್ರ ಹೋಗು, ಹೆಸರು ಹೇಳು, ಚೀಟಿ ತಗೋ. ಅಷ್ಟೇ."

"ಅಷ್ಟೇನಾ?" ಅವನು ನಕ್ಕ. ಅದು ಒಳ್ಳೆ ನಗುವಲ್ಲ. "ನಮ್ಮ ಚಿಕ್ಕಪ್ಪ ಪಕ್ಕದ ರಾಜ್ಯದಲ್ಲಿದ್ದ. ಅವನೂ ಜೈಲಿಗೆ ಹೋಗಿ ಬಂದವನೇ. ಕಚೇರಿಯವರೇ ಕರೆದು ಮತದ ಚೀಟಿ ಕೊಟ್ರು. ಹೋಗಿ ಹಾಕಿ ಬಂದ, ಕೇಕ್ ತಂದ, ಎಲ್ಲರಿಗೂ ಹಂಚಿದ. ವರ್ಷ ತುಂಬೋದ್ರೊಳಗೆ ಬೆಳಗ್ಗೆ ಹಲ್ಲುಜ್ಜುತ್ತಾ ಇದ್ದವನಿಗೆ ಬಂದು ಬೇಡಿ ಹಾಕಿದ್ರು. 'ಚೀಟಿ ಕೊಟ್ಟೋರು ನೀವೇ ಅಲ್ವಾ?' ಅಂದ. 'ತಗೊಂಡೋನು ನೀನು' ಅಂದ್ರು. ಮಿಸ್ ವೆರ್ನಾ, ನೀವು ಒಳ್ಳೇವರೇ ಇರಬಹುದು. ಅವನಿಗೆ ಚೀಟಿ ಕೊಟ್ಟವಳೂ ನಗುನಗುತ್ತಾನೇ ಕೊಟ್ಟಿದ್ದು."

ನನಗೆ ಕೋಪ ಬಂತು, ಯಾರ ಮೇಲೆ ಎಂದು ಗೊತ್ತಿಲ್ಲದ ಕೋಪ. ಇಷ್ಟು ದಿನ ನನ್ನ ದೋಣಿಯಲ್ಲಿದ್ದವನು ತನ್ನನ್ನು ನಾನು ಹಿಡಿದುಕೊಡಬಹುದು ಎಂದುಕೊಂಡಿದ್ದಾನೆ! ಆ ಕೋಪದ ಭರದಲ್ಲಿ ಶಾಲೆ ಬಯಲು, ಬಿಳಿ ಬೂಟಿನವನು, ಎರಡೂ ನನ್ನ ತಲೆಯಿಂದ ಹಾರಿಹೋದವು. ಸಭೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಯಾರು ಏನು ಮಾಡುತ್ತಾರೆ ನೋಡಿಯೇ ಬಿಡುತ್ತೇನೆ ಎಂದೆ. ಸುಳ್ಳೇಕೆ, ಒಳಗೊಳಗೇ ಧಕ್ಕೆಗೆ ಒಂದು ಮತ ಹೆಚ್ಚಾಯಿತು ಎಂಬ ಖುಷಿಯೂ ಇತ್ತು. ನನ್ನ ದೋಣಿಯೇ ಅವನ ಕೆಲಸ. ಇನ್ಯಾವ ಕಡೆ ಹಾಕುತ್ತಾನೆ?

"ನಾನು ಚೀಟಿ ಎತ್ತಿದಾಗ ನೀನೂ ಎತ್ತು, ಮುಗೀತು" ಎಂದೆ.

"ನೋಡೋಣ" ಎಂದ.

ಸಭೆಯ ದಿನ ಬಾಗಿಲ ಬಳಿ ಮೇಜು ಹಾಕಿಕೊಂಡು ಊರಿನ ಕ್ಲರ್ಕ್ ಬರ್ನಿಸ್ ಕೂತಿದ್ದಳು. ಒಳಗಿನಿಂದ ಬೇಯಿಸಿದ ಬೀನ್ಸಿನ ವಾಸನೆ, ಜನ ಕುರ್ಚಿ ಎಳೆಯುವ ಸದ್ದು. ಓಡೆಲ್ ಮೇಜಿನ ಮುಂದೆ ನಿಂತು, ಅವಳ ಕಡೆ ನೋಡದೆ ಒಳಗಿನ ಸಭೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ:

"ಎಲ್ಲರೂ ಕೇಳಿಸ್ಕೊಳ್ಳಿ. ನಾನು ಮಿಸಿಸಿಪ್ಪಿಯಲ್ಲಿ ಮರ ಕದ್ದು ಜೈಲಿಗೆ ಹೋಗಿದ್ದೆ. ಶಿಕ್ಷೆ ಮುಗಿಸಿದೀನಿ. ಇದನ್ನ ನಾನು ಮುಚ್ಚಿಟ್ಟೆ ಅಂತ ನಾಳೆ ಯಾರೂ ಹೇಳೋ ಹಾಗಿಲ್ಲ."

ಕುರ್ಚಿಗಳ ಸದ್ದು ನಿಂತಿತು. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ಯಾವ ಮರ?" ಎಂದ.

"ಪೈನ್."

"ಒಳ್ಳೆ ದಪ್ಪ ಇತ್ತಾ?"

ನಗು ಎದ್ದಿತು. ಓಡೆಲ್ ನಗಲಿಲ್ಲ. ಬರ್ನಿಸ್ ಕನ್ನಡಕ ಏರಿಸಿ, "ನಾನು ಅದನ್ನೆಲ್ಲ ಕೇಳಿದ್ನೇನಪ್ಪ? ರಾತ್ರಿ ಮಲಗೋದು ಎಲ್ಲಿ, ಅದನ್ನ ಹೇಳು" ಎಂದಳು.

"ವೆರ್ನಾ ಅವರ ಜಾಗದ ಟ್ರೈಲರಲ್ಲಿ."

"ವರ್ಷವಿಡೀ?"

"ವರ್ಷವಿಡೀ."

"ಹೌದಾ ವೆರ್ನಾ?" ಹೌದೆಂದೆ. ಅವಳು ಹಳದಿ ಚೀಟಿ ಕೊಟ್ಟಳು. ಅವನು ಅದರ ಎರಡೂ ಕಡೆ ತಿರುಗಿಸಿ ನೋಡಿದ. ಏನೂ ಬರೆದಿರದಿದ್ದದ್ದು ಅವನ ಅನುಮಾನವನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ. "ಇದನ್ನ ನನಗೆ ಕೊಟ್ಟಿದ್ದು ನೀವು. ನಿಮ್ಮ ಹೆಸರು ಬರ್ನಿಸ್" ಎಂದು ಅವಳಿಗೇ ಹೇಳಿ ಒಳಗೆ ಬಂದ. ನಡುವಿನ ಕುರ್ಚಿಯಲ್ಲಿ ನನ್ನ ಪಕ್ಕ ಕೂತ. ಕೋಟು ಮಾತ್ರ ಬಿಚ್ಚಲಿಲ್ಲ.

ಧಕ್ಕೆಯ ವಿಷಯ ಊಟದ ನಂತರ ಬಂತು. ಲೀಲಂಡ್ ಕೂಗಾಡಿದ. ನಾನೂ ಎದ್ದು, ಧಕ್ಕೆ ಮಾರುವ ಊರು ನಾಳೆ ಸಮುದ್ರವನ್ನೂ ಮಾರುತ್ತದೆ ಎಂದೆ, ಚಪ್ಪಾಳೆ ಬಿತ್ತು. ಆಸ್ಪತ್ರೆಯ ನರ್ಸ್ ಒಬ್ಬಳು ಎದ್ದು, ತಾನು ಎರಡು ಮಕ್ಕಳನ್ನು ಕಟ್ಟಿಕೊಂಡು ಪ್ರತಿ ಬೇಸಿಗೆಯಲ್ಲೂ ಹೆಚ್ಚು ದುಡ್ಡು ಕೊಡುವ ಪ್ರವಾಸಿಗರಿಗಾಗಿ ಬಾಡಿಗೆ ಮನೆ ಖಾಲಿ ಮಾಡಿ ಟೆಂಟಿಗೆ ಹೋಗುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅವಳಿಗೂ ಚಪ್ಪಾಳೆ ಬಿತ್ತು, ಅದು ನನಗೆ ಹಿಡಿಸಲಿಲ್ಲ. ಚೀಟಿ ಎತ್ತಿಸಿದರು. ಸಭೆ ನಡೆಸುತ್ತಿದ್ದ ನಿವೃತ್ತ ಹೆಡ್‌ಮಾಸ್ಟರ್ ಹೋಲಿಸ್ ಕಣ್ಣು ಕಿರಿದು ಮಾಡಿ ನೋಡಿ, "ಇದು ಕಣ್ಣಲ್ಲಿ ಬಗೆಹರಿಯಲ್ಲ. ಎದ್ದು ನಡೀರಿ. ಮಾರೋಣ ಅನ್ನೋರು ಕಿಟಕಿ ಕಡೆ, ಬೇಡ ಅನ್ನೋರು ಒಲೆ ಕಡೆ" ಎಂದರು.

ನಾನು ಒಲೆ ಕಡೆ ನಡೆದೆ. ಹಿಂದೆ ಬರುತ್ತಿದ್ದಾನೆ ಎಂದುಕೊಂಡು ತಿರುಗಿದರೆ ಓಡೆಲ್ ಅಲ್ಲಿರಲಿಲ್ಲ. ಸಭಾಂಗಣದ ನಡುವೆ ಒಬ್ಬನೇ, ಚೀಟಿಯನ್ನು ಎದೆಗೆ ಒತ್ತಿಕೊಂಡು, ಕಿಟಕಿ ಕಡೆ ನಡೆಯುತ್ತಿದ್ದ. ಹೋಗಿ ನರ್ಸಿನ ಪಕ್ಕ ನಿಂತ.

ಲೀಲಂಡ್ ಹೇಳಿದ್ದೆಲ್ಲ ಒಟ್ಟಿಗೇ ನೆನಪಾಯಿತು. ನನ್ನ ಕೈಯಾರೆ ಕರೆತಂದು, ನನ್ನ ಬಾಯಿಯಿಂದಲೇ ಹೌದೆಂದು, ವಿಟ್‌ಲಾಕನಿಗೆ ಒಂದು ಮತ ಮಾಡಿಕೊಟ್ಟಿದ್ದೆ.

ಲೀಲಂಡ್ ಸುಮ್ಮನಿರುತ್ತಾನೆಯೇ? "ಆಕ್ಷೇಪ ಇದೆ! ಆ ಮನುಷ್ಯ ಜೈಲಿಗೆ ಹೋಗಿಬಂದವನು!"

"ಜೈಲಿನ ಮಾತು ನೀನು ಎತ್ತಬೇಡ ಲೀಲಂಡ್" ಎಂದರು ಹೋಲಿಸ್. "ನಿನ್ನ ಅಂಚೆ ಮತದ ಲಕೋಟೆ ಒಡೆದವನು ನಾನೇ."

ಎರಡೂ ಕಡೆಯವರು ನಕ್ಕರು. ಲೀಲಂಡ್ ಕೆಂಪಾದ, ಆದರೆ ಬಿಡಲಿಲ್ಲ. "ಸರಿ, ವಾಸದ ಮಾತಾಡೋಣ. ಟ್ರೈಲರಲ್ಲಿರೋನು ಊರವನಾ? ಜನವರಿಯಲ್ಲಿ ಅವನು ಅಲ್ಲಿರಲೇ ಇಲ್ಲ. ಅತ್ತಿಗೇನ ಕೇಳಿ."

ಹೋಲಿಸ್ ನನ್ನ ಕಡೆ ತಿರುಗಿದರು. "ಜಾಗ ನಿನ್ನದು ವೆರ್ನಾ. ಅವನು ಇಲ್ಲೇ ಇರೋನಾ? ನೀನು ಏನು ಹೇಳ್ತೀಯೋ ಅದನ್ನ ಹಿಡೀತೀನಿ."

ಜನವರಿಯಲ್ಲಿ ಅವನು ಮಗಳನ್ನು ನೋಡಲು ಮಿಸಿಸಿಪ್ಪಿಗೆ ಹೋಗಿದ್ದ. ಮೂರು ವಾರ. ಹಾಗಾಗಿ ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. 'ಜನವರಿಯಲ್ಲಿ ಇರಲಿಲ್ಲ' ಎಂದಷ್ಟೇ ಹೇಳಿ ಬಾಯಿ ಮುಚ್ಚಿದ್ದರೆ ಸಾಕಿತ್ತು. ಲೀಲಂಡ್ ಕಣ್ಣಲ್ಲೇ ಹೇಳು ಹೇಳು ಎನ್ನುತ್ತಿದ್ದ. ಒಲೆಯ ಬಳಿ ನಿಂತ ನಮ್ಮವರೆಲ್ಲರ ದೋಣಿಗಳೂ ನನ್ನ ನಾಲಿಗೆಗೆ ಕಟ್ಟಿದ್ದವು.

ನಾನು ಓಡೆಲ್‌ನನ್ನು ನೋಡಿದೆ. ಅವನ ಮುಖದಲ್ಲಿ ಭಯವಿರಲಿಲ್ಲ, ಯಾಚನೆಯೂ ಇರಲಿಲ್ಲ. ಇದು ಬರುತ್ತದೆಂದು ಗೊತ್ತಿದ್ದು ಕಾಯುತ್ತಿದ್ದವನ ಹಾಗಿದ್ದ. ನಾನು ಏನು ಹೇಳುತ್ತೇನೆಂದು ಆಗಲೇ ತೀರ್ಮಾನಿಸಿ, ಚೀಟಿಯನ್ನು ಹಿಂದಿರುಗಿಸಲು ಕೈ ಮುಂದೆ ಮಾಡಿದ್ದ. ಮೈಯೆಲ್ಲ ಉರಿದುಹೋಯಿತು. ಅವನ ಚಿಕ್ಕಪ್ಪನಿಗೆ ನಗುನಗುತ್ತಾ ಚೀಟಿ ಕೊಟ್ಟ ಆ ಹೆಂಗಸಿನ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ದ!

"ಅಲ್ಲೇ ಮಲಗ್ತಾನೆ!" ಎಂದು ಕಿರುಚಿದೆ. "ಅವನ ಗೊರಕೆ ನನ್ನ ಮನೆಗೆ ಕೇಳುತ್ತೆ. ಮಗಳನ್ನ ನೋಡೋಕೆ ಹೋದ್ರೆ ಊರು ಬಿಟ್ಟ ಹಾಗಾ? ಹೋದ ವರ್ಷ ಲೀಲಂಡ್ ಫ್ಲೋರಿಡಾದಲ್ಲಿ ಹೊಟ್ಟೆ ಕಾಯಿಸ್ಕೊಂಡು ಬರ್ಲಿಲ್ವಾ? ಅವನು ಈ ಊರಿನವನು. ಎಣಿಸಿ!"

ಎಣಿಸಿದರು. ಮೂರು ಮತದಲ್ಲಿ ಧಕ್ಕೆ ಹೋಯಿತು. ಓಡೆಲ್ ಇತ್ತ ಬಂದಿದ್ದರೂ ಒಂದರಲ್ಲಿ ಸೋಲುತ್ತಿದ್ದೆವು ಎಂದು ಯಾರೋ ಲೆಕ್ಕ ಹಾಕಿ ಹೇಳಿದರು. ಅದರಿಂದ ನನಗೆ ಕಾಸಿನಷ್ಟೂ ಸಮಾಧಾನವಾಗಲಿಲ್ಲ. ಲೀಲಂಡ್ ನನ್ನ ಮುಖ ನೋಡದೆ ಹೊರಟುಹೋದ.

ಹೊರಗೆ ಬಂದರೆ ನನ್ನ ಟ್ರಕ್ಕಿನ ಪಕ್ಕ ಓಡೆಲ್ ನಿಂತಿದ್ದ. ಬೇರೆ ಗತಿಯಿರಲಿಲ್ಲ. ಇಬ್ಬರೂ ಹೋಗಬೇಕಾದದ್ದು ಒಂದೇ ಜಾಗಕ್ಕೆ. ಗಾಡಿ ಹತ್ತು ಎಂದೆ. ನನಗೆ ಅಳು ಬರುತ್ತಿತ್ತು, ಅದನ್ನು ಅವನಿಗೆ ತೋರಿಸಬಾರದೆಂದು ನನ್ನ ಕಡೆಯ ಕಿಟಕಿಯನ್ನೇ ನೋಡುತ್ತಾ ಓಡಿಸಿದೆ.

"ಇಲ್ಲ ಅಂತೀರಿ ಅಂದ್ಕೊಂಡಿದ್ದೆ" ಎಂದ ಕೊನೆಗೆ.

"ಗೊತ್ತಾಯ್ತು. ಶಾಲೆ ಬಯಲಲ್ಲಿ ಆ ಬಿಳಿ ಬೂಟಿನವನ ಹತ್ರ ಏನು ಮಾತಾಡ್ತಿದ್ದೆ? ಈಗಲಾದ್ರೂ ಹೇಳು."

ಅವನು ಬೆಚ್ಚಿದ. ಯಾಕೆ ಕೇಳ್ತೀರಿ ಎನ್ನಲು ಬಾಯಿ ತೆರೆದವನು ಹಾಗೆನ್ನಲಿಲ್ಲ.

"ಶಾಲೆ ಬಸ್ಸು ಅಲ್ಲಿವರೆಗೂ ಬರುತ್ತಾ ಅಂತ ಕೇಳಿದೆ. ಕಿಯಾನಾಗೆ ಒಂಬತ್ತು ವರ್ಷ. ಟ್ರೈಲರಿಗೆ ಕರ್ಕೊಂಡು ಬರೋಕಾಗಲ್ಲ, ನಮ್ಮಮ್ಮ ಕಳಿಸಲ್ಲ. ಮನೆ ಬೇಕು."

ಪ್ರತಿ ಭಾನುವಾರ ಕೇಳಿಸಿಕೊಂಡಿದ್ದ ನಗು ಅದು. ಆ ಮಗುವಿಗೂ ಆ ಬಯಲಿಗೂ ನನ್ನ ತಲೆಯಲ್ಲಿ ಒಂದು ಸಲವೂ ಗಂಟು ಬಿದ್ದಿರಲಿಲ್ಲ.

"ಡನ್‌ಹ್ಯಾಮ್‌ಗೆ ಅರ್ಧ ಗಂಟೆ ದಾರಿ" ಎಂದ. "ಬೆಳಗ್ಗೆ ನಾನು ಓಡಿಸ್ತೀನಿ, ನೀವು ನಿದ್ದೆ ಮಾಡಿ. ದೋಣಿ ಮಾರ್ಬೇಡಿ."

"ನನ್ನ ದೋಣಿ ವಿಚಾರ ನಿನಗೆ ಬೇಡ."

ಧಕ್ಕೆಯ ತಿರುವು ಹತ್ತಿರ ಬಂತು.

"ಮಿಸ್ ವೆರ್ನಾ, ಮುಂದಿನ ಮತ ಯಾವಾಗ?"

"ನವೆಂಬರಲ್ಲಿ."

"ಅಲ್ಲಿವರೆಗೆ ನನ್ನ ಹೆಸರು ಇರುತ್ತಾ? ಇಲ್ಲ, ಇವತ್ತಿಗೆ ಮಾತ್ರನಾ?"

"ಇರುತ್ತೆ."

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಲ್ಲ!"

ಅವನು ಬಂದ ದಾರಿಯ ಕಡೆ ತಿರುಗಿ ನೋಡಿದ. "ಬರ್ನಿಸ್ ಇನ್ನೂ ಅಲ್ಲೇ ಇರಬಹುದು" ಎಂದ.

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನಿಗೂ, ಮಿಸಿಸಿಪ್ಪಿಗೂ, ವಿಟ್‌ಲಾಕನಿಗೂ ಸೇರಿಸಿ ಬೈದೆ. ಆ ಇಕ್ಕಟ್ಟು ರಸ್ತೆಯಲ್ಲಿ ಗಾಡಿ ತಿರುಗಿಸಲು ಜಾಗವಿರುವುದು ಧಕ್ಕೆಯ ಅಂಗಳದಲ್ಲಿ ಮಾತ್ರ. ಒಳಗೆ ಹೋದೆ, ನನ್ನ ದೋಣಿಯ ಮುಂದೆಯೇ ಗಾಡಿ ತಿರುಗಿಸಿ ಮತ್ತೆ ಸಭಾಂಗಣದ ಕಡೆ ಹೊರಟೆ.